ಮುಚ್ಚಿದ ಕಾರ್ಖಾನೆ, ಉಳಿದ ಬಾಕಿ: ವಿಷನೆಲದ ಶುದ್ಧೀಕರಣಕ್ಕೆ ಹಣ ಎಲ್ಲಿಂದ?



ಸಾರ್ವಜನಿಕ ಹಣಕಾಸಿಗೆ ಸಂಬಂಧಪಟ್ಟ ಯಾವುದಾದರೂ ವಿಷಯ ಆರಿಸಿಕೊಳ್ಳಿ ಎಂದು ಈ ದತ್ತಿ ಉಪನ್ಯಾಸದ ಸಮಿತಿಯವರು ನನಗೆ ಹೇಳಿದ್ದರು. ಬಜೆಟ್ಟು, ಜಿಎಸ್‌ಟಿ, ಹಣಕಾಸು ಆಯೋಗದ ಪಾಲು, ಇವುಗಳ ಬಗ್ಗೆ ನನಗಿಂತ ಬಲ್ಲವರು ಬೇಕಾದಷ್ಟು ಮಾತಾಡಿದ್ದಾರೆ, ಇನ್ನೂ ಮಾತಾಡುತ್ತಾರೆ. ನಾನು ಆರಿಸಿಕೊಂಡದ್ದು ಬಜೆಟ್ ಪುಸ್ತಕಗಳಲ್ಲಿ ಹುಡುಕಿದರೂ ಸಿಗದ ಒಂದು ಬಾಕಿಯನ್ನು. ಕಾರ್ಖಾನೆಗಳಿಂದಲೇ ಬೆಳೆದ ಊರಿನಲ್ಲಿ ಕಾರ್ಖಾನೆ ಮುಚ್ಚಿಹೋಗುತ್ತದೆ. ಯಂತ್ರಗಳು ಗುಜರಿಗೆ ಹೋಗುತ್ತವೆ, ಕಾರ್ಮಿಕರು ಬೇರೆ ಊರಿಗೆ ಹೋಗುತ್ತಾರೆ, ನೆಲದೊಳಗೆ ಇಳಿದ ವಿಷ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಅದನ್ನು ತೆಗೆಯಲು ಬೇಕಾದ ದುಡ್ಡು ಯಾರ ಕಿಸೆಯಿಂದ ಬರಬೇಕು?

ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚು ಹೊತ್ತು ಅಮೆರಿಕದ ನಯಾಗರಾ ಫಾಲ್ಸ್ ಪಟ್ಟಣದಲ್ಲಿ ಇರುತ್ತೇನೆ, ಏಕೆಂದರೆ ಈ ಪ್ರಶ್ನೆಗೆ ಒಂದು ದೇಶದ ಕಾನೂನು ಮೊದಲ ಬಾರಿಗೆ ಪೂರ್ಣ ಉತ್ತರ ಕೊಡಲು ಹೊರಟದ್ದು ಆ ಊರಿನಿಂದಾಗಿ. ಆಮೇಲೆ ಜರ್ಮನಿಯ ರೂರ್ ಕಣಿವೆ, ನಂತರ ಭೋಪಾಲ್, ಕೊನೆಗೆ ನಮ್ಮ ಕೋಲಾರದ ಚಿನ್ನದ ಗಣಿ. ವಿಷದಿಂದ ಆರೋಗ್ಯಕ್ಕೆ ಏನಾಗುತ್ತದೆ ಎನ್ನುವುದು ವೈದ್ಯರ ವಿಷಯ, ಅದಕ್ಕೆ ಕೈಹಾಕುವುದಿಲ್ಲ. ನನ್ನ ವಾದ ಚಿಕ್ಕದು. ಶುದ್ಧೀಕರಣದ ಹಣವನ್ನು ಚಿಮಣಿಯಿಂದ ಹೊಗೆ ಬರುತ್ತಿರುವಾಗಲೇ ತೆಗೆದಿಡಬೇಕು. ಕಂಪನಿಯೂ ಖಜಾನೆಯೂ ಮುಟ್ಟಲಾಗದ ಕಡೆ ಇಡಬೇಕು. ಛತ್ರ ಗೊತ್ತುಮಾಡುವಾಗಲೇ ಕ್ಲೀನಿಂಗ್ ಚಾರ್ಜು ಮುಂಗಡವಾಗಿ ಕಟ್ಟಿಸಿಕೊಳ್ಳುತ್ತಾರಲ್ಲ, ಬೀಗರೂಟ ಮುಗಿದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ ಎಂಬುದು ಛತ್ರದ ಮ್ಯಾನೇಜರಿಗೆ ಗೊತ್ತಿರುತ್ತದೆ. ಸರ್ಕಾರಗಳಿಗೆ ಇದು ಅರ್ಥವಾಗಲು ಒಂದು ಶತಮಾನ ಬೇಕಾಯಿತು. ಅರ್ಥವಾದ ಮೇಲೂ ಪಾಲಿಸಿದ್ದು ಕಡಿಮೆ.

ಈಗ ನಯಾಗರಾಕ್ಕೆ ಬರೋಣ. ಜಲಪಾತದ ಚಿತ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದವರಿಗೆ ಅದರ ಪಕ್ಕದ ಊರು ಕಾರ್ಖಾನೆಗಳ ಊರು ಎಂಬುದು ಹೊಳೆಯುವುದಿಲ್ಲ. 1895ರಲ್ಲಿ ಅಲ್ಲಿ ದೊಡ್ಡ ಪ್ರಮಾಣದ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಅಗ್ಗದ ಕರೆಂಟಿನ ವಾಸನೆ ಹಿಡಿದು ವಿದ್ಯುತ್ತನ್ನೇ ಕಚ್ಚಾ ಮಾಲಿನಂತೆ ಬಳಸುವ ಉದ್ದಿಮೆಗಳು ಬಂದವು. ಉಪ್ಪುನೀರನ್ನು ವಿದ್ಯುತ್ತಿನಿಂದ ಒಡೆದು ಕ್ಲೋರಿನ್ ಮತ್ತು ಕಾಸ್ಟಿಕ್ ಸೋಡಾ ತಯಾರಿಸುವ ಹೂಕರ್ ಕಂಪನಿ ಬಂತು. ಸಾಣೆಯ ಪುಡಿ ಮಾಡುವ ಕಾರ್ಬೊರಂಡಮ್ ಬಂತು. ಕ್ಯಾಲ್ಸಿಯಂ ಕಾರ್ಬೈಡ್ ಮಾಡುವ ಯೂನಿಯನ್ ಕಾರ್ಬೈಡ್ ಬಂತು. ಈ ಕೊನೆಯ ಹೆಸರು ನಮಗೆ ಮತ್ತೆ ಎದುರಾಗುತ್ತದೆ.

ಅದೇ 1890ರ ದಶಕದಲ್ಲಿ ವಿಲಿಯಂ ಲವ್ ಎಂಬ ಉದ್ಯಮಿ ನಯಾಗರಾ ನದಿಯ ಮೇಲಿನ ಹರಿವಿನಿಂದ ಕೆಳಗಿನ ಹರಿವಿಗೆ ಕಾಲುವೆ ತೋಡಿ, ಕರೆಂಟು ಉತ್ಪಾದಿಸಿ, ಅದರ ಸುತ್ತ ಮಾದರಿ ನಗರವನ್ನೇ ಕಟ್ಟುತ್ತೇನೆಂದು ಹೊರಟ. ಆರ್ಥಿಕ ಕುಸಿತ ಬಂತು, ಹೂಡಿಕೆದಾರರು ಕಾಲ್ತೆಗೆದರು, ಯೋಜನೆ ನಿಂತಿತು. ಉಳಿದದ್ದು ಅರೆಬರೆ ಅಗೆದ ಒಂದು ಕಂದಕ, ಮತ್ತು ಲವ್ ಕೆನಾಲ್ ಎಂಬ ಹೆಸರು. 1942ರಿಂದ 1953ರವರೆಗೆ ಹೂಕರ್ ಕಂಪನಿ ಆ ಕಂದಕದಲ್ಲಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯವನ್ನು ಡ್ರಮ್ಮುಗಳಲ್ಲಿ ತುಂಬಿ ಹೂತಿತು. ಅಂದಿನ ಕಾನೂನಿನ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಕಂದಕ ತುಂಬಿದ ಮೇಲೆ ಮಣ್ಣು ಮುಚ್ಚಿ, 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತು.

ಹಣಕಾಸಿನ ವಿದ್ಯಾರ್ಥಿಗಳು ಆ ಕ್ರಯಪತ್ರವನ್ನು ಗಮನಿಸಬೇಕು. ನೆಲದೊಳಗೆ ರಾಸಾಯನಿಕ ತ್ಯಾಜ್ಯವಿದೆ, ಮುಂದೆ ಯಾರಿಗೆ ಏನೇ ಆದರೂ ಕಂಪನಿ ಹೊಣೆಯಲ್ಲ ಎಂಬ ಅರ್ಥದ ಒಕ್ಕಣೆ ಅದರಲ್ಲಿತ್ತು. ಕಂಪನಿ ಎಚ್ಚರಿಸಿತ್ತಲ್ಲ, ಮಂಡಳಿಯೇ ಹಟ ಹಿಡಿದು ಜಾಗ ಪಡೆಯಿತಲ್ಲ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಮಂಡಳಿಯ ವಿವೇಕವನ್ನು ಸಮರ್ಥಿಸುವ ಇರಾದೆ ನನಗಿಲ್ಲ. ಆ ಜಾಗದಲ್ಲಿ ಶಾಲೆ ಕಟ್ಟಿದರು, ಪಕ್ಕದ ನಿವೇಶನಗಳಲ್ಲಿ ಮನೆಗಳೆದ್ದವು. ಆದರೆ ಆ ಒಂದು ಡಾಲರಿನಲ್ಲಿ ಕೈಬದಲಾಯಿಸಿದ್ದು ಜಮೀನಿಗಿಂತ ಹೆಚ್ಚಾಗಿ ಸಾಲ. ಕಂಪನಿಯ ಜಮಾಖರ್ಚಿನಿಂದ ಒಂದು ದೊಡ್ಡ ಹೊರೆ ಜಾರಿ, ಅದನ್ನು ಹೊರುವ ಶಕ್ತಿಯೇ ಇಲ್ಲದ ಒಂದು ಸ್ಥಳೀಯ ಸಂಸ್ಥೆಯ ತಲೆಯ ಮೇಲೆ ಕುಳಿತಿತು. ವಹಿವಾಟು ಯಾವ ಲೆಕ್ಕಪುಸ್ತಕದಲ್ಲೂ ಸಾಲವೆಂದು ದಾಖಲಾಗಲಿಲ್ಲ.

1970ರ ದಶಕದಲ್ಲಿ ಮಳೆ, ಹಿಮ ಹೆಚ್ಚಾಗಿ ಅಂತರ್ಜಲ ಏರಿದಾಗ ತುಕ್ಕು ಹಿಡಿದ ಡ್ರಮ್ಮುಗಳು ಮೇಲೆ ಬಂದವು. ಮನೆಗಳ ನೆಲಮಾಳಿಗೆಗಳಲ್ಲಿ ಕಪ್ಪು ದ್ರವ ಜಿನುಗಿತು. ಸ್ಥಳೀಯ ಪತ್ರಿಕೆ ಬರೆಯಿತು. ಮಗನನ್ನು ಆ ಶಾಲೆಗೆ ಕಳಿಸುತ್ತಿದ್ದ ಲೋಯಿಸ್ ಗಿಬ್ಸ್ ಎಂಬ ಗೃಹಿಣಿ ಮನೆಮನೆ ತಿರುಗಿ ಜನರನ್ನು ಒಟ್ಟುಗೂಡಿಸಿದರು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತುರ್ತುಸ್ಥಿತಿ ಘೋಷಿಸಿ, ಕಂದಕಕ್ಕೆ ಅಂಟಿಕೊಂಡಿದ್ದ 239 ಕುಟುಂಬಗಳನ್ನು ಸ್ಥಳಾಂತರಿಸಲು ವ್ಯವಸ್ಥೆಯಾಯಿತು. 1980ರಲ್ಲಿ ಇನ್ನೂ ನೂರಾರು ಕುಟುಂಬಗಳ ಸರದಿ ಬಂತು.

ದುಡ್ಡಿನ ಪ್ರಶ್ನೆ ಎದ್ದದ್ದು ಇಲ್ಲಿ. ನಗರಸಭೆ ಕೊಡಬಹುದಿತ್ತೇ? ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಊರು ಅದು. 1960ರಲ್ಲಿ 1 ಲಕ್ಷ 2 ಸಾವಿರ ಇದ್ದ ಅದರ ಜನಸಂಖ್ಯೆ 2020ರ ಹೊತ್ತಿಗೆ 48 ಸಾವಿರ ಚಿಲ್ಲರೆಗೆ ಇಳಿದಿದೆ. ಅಮೆರಿಕದ ನಗರಸಭೆಗಳು ಮುಖ್ಯವಾಗಿ ಆಸ್ತಿ ತೆರಿಗೆಯ ಮೇಲೆ ಬದುಕುತ್ತವೆ. ಜನ ಹೋದಂತೆ ಮನೆಯ ಬೆಲೆ ಇಳಿಯುತ್ತದೆ, ಬೆಲೆ ಇಳಿದಂತೆ ತೆರಿಗೆ ಇಳಿಯುತ್ತದೆ, ನೆಲದೊಳಗಿನ ಖರ್ಚು ಮಾತ್ರ ಹಾಗೆಯೇ ಇರುತ್ತದೆ. ಕಾರ್ಖಾನೆ ಕಳೆದುಕೊಂಡ ಪ್ರತಿ ಊರಿನ ಬಿಕ್ಕಟ್ಟೂ ಇದೇ: ಹೊರೆ ಅತ್ಯಂತ ಹೆಚ್ಚಾಗುವ ಹೊತ್ತಿಗೆ ಹೊರುವ ಭುಜ ಅತ್ಯಂತ ದುರ್ಬಲವಾಗಿರುತ್ತದೆ.

ಇಲ್ಲಿಂದ ನಾನು ನನ್ನ ಮೊದಲ ಮುಖ್ಯ ವಿಷಯಕ್ಕೆ, ಅಂದರೆ ಸೂಪರ್‌ಫಂಡ್ ಎಂದು ಹೆಸರಾದ ಕಾನೂನಿಗೆ ಬರುತ್ತೇನೆ. 1980ರ ಡಿಸೆಂಬರ್ 11ರಂದು ಕಾರ್ಟರ್ ಅದಕ್ಕೆ ಸಹಿ ಹಾಕಿದರು. ಅದರಲ್ಲಿ ಎರಡು ತೊರೆಗಳು ಸೇರಿವೆ, ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಒಂದು, ಹೊಣೆಗಾರಿಕೆ. ಜಾಗದ ಈಗಿನ ಮಾಲೀಕ, ತ್ಯಾಜ್ಯ ಸುರಿದ ಕಾಲದ ಮಾಲೀಕ, ತ್ಯಾಜ್ಯ ಕಳಿಸಿದವ, ಸಾಗಿಸಿದವ, ಎಲ್ಲರೂ ಹೊಣೆಗಾರರು. ಸುರಿದಾಗ ಅದು ಕಾನೂನುಬದ್ಧವಾಗಿತ್ತು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಹತ್ತು ಕಂಪನಿಗಳು ಸುರಿದು ಒಂಬತ್ತು ದಿವಾಳಿಯಾಗಿದ್ದರೆ, ಉಳಿದ ಒಂದರಿಂದಲೇ ಪೂರ್ತಿ ವಸೂಲು ಮಾಡಬಹುದು. ಕಟುವಾದ ಕಾನೂನು. ಹೂಕರ್ ಕಂಪನಿಯನ್ನು 1968ರಲ್ಲೇ ಕೊಂಡಿದ್ದ ಆಕ್ಸಿಡೆಂಟಲ್ ಪೆಟ್ರೋಲಿಯಂ ಇದೇ ಬಲೆಯಲ್ಲಿ ಸಿಕ್ಕಿತು. 1994ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ 98 ದಶಲಕ್ಷ ಡಾಲರ್, ಮರುವರ್ಷ ಕೇಂದ್ರಕ್ಕೆ 129 ದಶಲಕ್ಷ ಡಾಲರ್ ಕೊಡಲು ಒಪ್ಪಿತು. ತುರ್ತುಸ್ಥಿತಿಯಿಂದ ಈ ಒಪ್ಪಂದಕ್ಕೆ ಸುಮಾರು ಹದಿನೇಳು ವರ್ಷ. ದೊಡ್ಡ ಕಂಪನಿ, ಬಲವಾದ ಕಾನೂನು, ಬೆನ್ನಿಗೆ ನಿಂತ ಸರ್ಕಾರ, ಇಷ್ಟೆಲ್ಲ ಇದ್ದೂ ಹದಿನೇಳು ವರ್ಷ. ಅಲ್ಲಿಯವರೆಗೆ ಕೆಲಸ ನಡೆದದ್ದು ಯಾವ ಹಣದಿಂದ?

ಎರಡನೆಯ ತೊರೆ ಇರುವುದು ಅದಕ್ಕಾಗಿಯೇ. ಕಚ್ಚಾ ತೈಲ ಮತ್ತು ಮೂಲ ರಾಸಾಯನಿಕಗಳ ಮೇಲೆ ಒಂದು ಸಣ್ಣ ತೆರಿಗೆ ಹಾಕಿ, ಅದರಿಂದ ಐದು ವರ್ಷದಲ್ಲಿ 1.6 ಶತಕೋಟಿ ಡಾಲರಿನ ನಿಧಿ ಕಟ್ಟುವುದು. ಅದರಲ್ಲಿ ದೊಡ್ಡ ಪಾಲು ಉದ್ದಿಮೆಯದು, ಸಣ್ಣ ಪಾಲು ಸಾಮಾನ್ಯ ಖಜಾನೆಯದು. ಮೊದಲು ನಿಧಿಯಿಂದ ಖರ್ಚು ಮಾಡಿ ನೆಲ ಶುದ್ಧ ಮಾಡು, ವಸೂಲಿ ವ್ಯಾಜ್ಯ ಆಮೇಲೆ. ವಾರಸುದಾರರೇ ಇಲ್ಲದ ಅನಾಥ ಜಾಗಗಳಿಗೂ ಇದೇ ನಿಧಿ, ಅವುಗಳ ಶುದ್ಧೀಕರಣದ ವೆಚ್ಚದಲ್ಲಿ ಹತ್ತನೇ ಒಂದು ಪಾಲು ಆಯಾ ರಾಜ್ಯದ್ದು. 1986ರಲ್ಲಿ ನಿಧಿಯನ್ನು 8.5 ಶತಕೋಟಿಗೆ ಏರಿಸಿದರು. ನನ್ನ ಅಭಿಪ್ರಾಯದಲ್ಲಿ ಇಪ್ಪತ್ತನೇ ಶತಮಾನದ ತೆರಿಗೆ ಚರಿತ್ರೆಯಲ್ಲಿ ಇಷ್ಟು ನ್ಯಾಯವಾದ ಏರ್ಪಾಡು ಅಪರೂಪ. ಸತ್ತ ಕಂಪನಿಯ ಸಾಲವನ್ನು ಬದುಕಿರುವ ಅದೇ ಕಸುಬಿನವರು ತೀರಿಸಬೇಕು; ಆ ಸರಕಿನಿಂದ ಲಾಭ ಪಡೆದ ಗ್ರಾಹಕನೂ ಬೆಲೆಯಲ್ಲಿ ಸ್ವಲ್ಪ ತೆರಬೇಕು.

ಆದರೆ ತೆರಿಗೆಗೆ ಅವಧಿ ಇತ್ತು. 1995ರ ಕೊನೆಯಲ್ಲಿ ಅವಧಿ ಮುಗಿಯಿತು. ಕಾಂಗ್ರೆಸ್ ಅದನ್ನು ನವೀಕರಿಸಲಿಲ್ಲ. ನಿಧಿಯಲ್ಲಿ ಆಗ ಶತಕೋಟಿಗಟ್ಟಲೆ ಡಾಲರ್ ಇದ್ದುದರಿಂದ ಯಾರಿಗೂ ಬಿಸಿ ತಟ್ಟಲಿಲ್ಲ. 2003ರ ಹೊತ್ತಿಗೆ ಅದು ಬರಿದಾಯಿತು. ಆಮೇಲೆ ಪ್ರತಿವರ್ಷ ಸಾಮಾನ್ಯ ಬಜೆಟ್ಟಿನಿಂದ ಬೇಡಬೇಕಾಯಿತು, ಅಂದರೆ ಕಾರ್ಖಾನೆಯ ಮುಖವನ್ನೇ ನೋಡದ ತೆರಿಗೆದಾರ ಕೊಡಬೇಕಾಯಿತು. 1990ರ ದಶಕದ ಕೊನೆಯಲ್ಲಿ ವರ್ಷಕ್ಕೆ 80ಕ್ಕೂ ಹೆಚ್ಚು ಜಾಗಗಳಲ್ಲಿ ಕಾಮಗಾರಿ ಮುಗಿಯುತ್ತಿದ್ದರೆ, 2003ರ ಸುಮಾರಿಗೆ ಅದು ಅರ್ಧಕ್ಕೆ ಇಳಿದಿತ್ತು. ಉಳಿದ ಜಾಗಗಳು ದೊಡ್ಡವು, ಜಟಿಲವಾದವು ಎಂಬುದೂ ಒಂದು ಕಾರಣ. ಹಣದ ಕೊರತೆಯೂ ಕಾರಣವೇ. ಕಾಲು ಶತಮಾನದ ನಂತರ, 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ರಾಸಾಯನಿಕಗಳ ಮೇಲಿನ ತೆರಿಗೆ, 2022ರ ಇನ್ನೊಂದು ಕಾಯ್ದೆಯಲ್ಲಿ ತೈಲದ ಮೇಲಿನ ತೆರಿಗೆ ಮರಳಿ ಬಂದವು. ಆ ಕಾಯ್ದೆ ತೈಲದ ಮೇಲೆ ಮೊದಲಿಗೆ ಗೊತ್ತುಮಾಡಿದ್ದು ಬ್ಯಾರೆಲ್ಲಿಗೆ 16.4 ಸೆಂಟ್. ಇಷ್ಟು ಸಣ್ಣ ಮೊತ್ತಕ್ಕಾಗಿ ಇಷ್ಟು ವರ್ಷ ಹಗ್ಗಜಗ್ಗಾಟ ನಡೆಯಿತು.

ಶುದ್ಧೀಕರಣ ಎಂದರೆ ನಿಜವಾಗಿ ಏನು ಮಾಡುತ್ತಾರೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಲವ್ ಕೆನಾಲ್‌ನಲ್ಲಿ ಹೂತ ತ್ಯಾಜ್ಯ ಇಂದಿಗೂ ಅಲ್ಲೇ ಇದೆ. ಅದರ ಮೇಲೆ ಸುಮಾರು 40 ಎಕರೆಯಷ್ಟು ಜೇಡಿಮಣ್ಣು ಮತ್ತು ಪ್ಲಾಸ್ಟಿಕ್ ಹಾಳೆಯ ಮುಚ್ಚಿಗೆ ಹಾಕಿದ್ದಾರೆ. ಸುತ್ತ ಇಂಗುಚರಂಡಿಗಳಿವೆ, ಅವುಗಳಿಂದ ಬರುವ ಕೊಳಕು ನೀರನ್ನು ಪಂಪು ಮಾಡಿ, ಶುದ್ಧೀಕರಿಸಿ ಬಿಡುತ್ತಾರೆ. 70 ಎಕರೆಗೆ ಬೇಲಿ. 2004ರಲ್ಲಿ ಆ ಜಾಗವನ್ನು ಸೂಪರ್‌ಫಂಡಿನ ರಾಷ್ಟ್ರೀಯ ಆದ್ಯತಾ ಪಟ್ಟಿಯಿಂದ ತೆಗೆದದ್ದು ಸುದ್ದಿಯಾಯಿತು, ಆದರೆ ಪಂಪು ನಿಂತಿಲ್ಲ. ಈ ಖರ್ಚಿಗೆ ಕೊನೆಯ ಕಂತು ಎಂಬುದಿಲ್ಲ. ಸೇತುವೆಯಂತೆ ಒಮ್ಮೆ ಕಟ್ಟಿ ಉದ್ಘಾಟಿಸಿ ಬಿಡುವ ಕಾಮಗಾರಿ ಇದಲ್ಲ. ನಮ್ಮ ಸರ್ಕಾರಿ ಬಜೆಟ್ಟುಗಳು ಯೋಜನೆಗೆ ಹಣ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಎಂದೆಂದಿಗೂ ಓಡಬೇಕಾದ ಪಂಪಿನ ಕರೆಂಟು ಬಿಲ್ಲಿಗೆ ಯಾವ ಶೀರ್ಷಿಕೆಯಡಿ ಹಣ ಇಡುವುದೆಂದು ಯಾರಿಗೂ ಹೊಳೆಯುವುದಿಲ್ಲ.

ಸೂಪರ್‌ಫಂಡ್ ಇನ್ನೊಂದು ಫಜೀತಿಯನ್ನೂ ತಂದಿಟ್ಟಿತು. ಈಗಿನ ಮಾಲೀಕನೂ ಹೊಣೆಗಾರ ಎಂದ ಮೇಲೆ ಹಳೆ ಕಾರ್ಖಾನೆಯ ಜಾಗ ಕೊಳ್ಳುವ ಧೈರ್ಯ ಯಾರಿಗಿದೆ? ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಊರ ನಡುವಿನ ಜಾಗಗಳು ಹಾಳುಬಿದ್ದವು. ಹೊಸ ಕಾರ್ಖಾನೆಗಳು ಊರಾಚೆಯ ಹಸಿರು ಹೊಲಗಳಿಗೆ ಹೋದವು. ಅಷ್ಟೇನೂ ವಿಷವಿಲ್ಲದ, ಆದರೆ ಅನುಮಾನ ಅಂಟಿಕೊಂಡ ಇಂಥ ಜಾಗಗಳನ್ನು ಅಲ್ಲಿ ಬ್ರೌನ್‌ಫೀಲ್ಡ್ ಎನ್ನುತ್ತಾರೆ. ದೇಶದಲ್ಲಿ ಇಂಥವು ನಾಲ್ಕೂವರೆ ಲಕ್ಷವಿರಬಹುದೆಂಬ ಅಂದಾಜಿದೆ. 2002ರ ಜನವರಿಯ ಕಾನೂನು ತಪ್ಪಿಲ್ಲದ ಕೊಳ್ಳುವವರಿಗೆ ರಕ್ಷಣೆ ಕೊಟ್ಟಿತು. ಮಣ್ಣು ಪರೀಕ್ಷೆಗೂ ಶುದ್ಧೀಕರಣಕ್ಕೂ ನಗರಸಭೆಗಳಿಗೆ ಅನುದಾನ ಕೊಡುವ ವ್ಯವಸ್ಥೆಯನ್ನು ಭದ್ರಪಡಿಸಿತು. ಇದರ ಜೊತೆಗೆ ಹಲವು ರಾಜ್ಯಗಳಲ್ಲಿ ನಾಳೆಯ ತೆರಿಗೆಯನ್ನು ಅಡವಿಟ್ಟು ಇಂದು ಸಾಲ ಎತ್ತುವ ಪದ್ಧತಿ ಬೆಳೆಯಿತು. ಜಾಗ ಶುದ್ಧವಾಗಿ ಅಲ್ಲಿ ಅಂಗಡಿ, ಮನೆ ಬಂದರೆ ಆಸ್ತಿ ತೆರಿಗೆ ಹೆಚ್ಚುತ್ತದೆ. ಆ ಹೆಚ್ಚಳದಿಂದ ಸಾಲ ತೀರಿಸುವುದು. ಪಿಟ್ಸ್‌ಬರ್ಗ್ ಪಕ್ಕದ ಹೋಮ್‌ಸ್ಟೆಡ್‌ನಲ್ಲಿ 1986ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯ ಜಾಗದಲ್ಲಿ ಹೀಗೆ ಒಂದು ದೊಡ್ಡ ವ್ಯಾಪಾರ ಸಂಕೀರ್ಣವೇ ಎದ್ದಿತು.

ಕೇಳಲು ಸೊಗಸಾಗಿದೆ. ಆದರೆ ಇದು ಜಾಗಕ್ಕೆ ಬೆಲೆ ಬರುವ ಊರಿನಲ್ಲಿ ಮಾತ್ರ ನಡೆಯುವ ಉಪಾಯ. ನದಿಯ ದಂಡೆ, ಪಕ್ಕದಲ್ಲಿ ಮಹಾನಗರ ಇದ್ದರೆ ಬಿಲ್ಡರುಗಳು ತಾವೇ ಬರುತ್ತಾರೆ. ಜನಸಂಖ್ಯೆ ಅರ್ಧವಾದ ಊರಿನ ನಟ್ಟನಡುವಿನ ಹಾಳು ಕಾರ್ಖಾನೆಗೆ ಯಾವ ಬಿಲ್ಡರ್ ಬರುತ್ತಾನೆ? ಬೆಂಗಳೂರಿನಲ್ಲಿ ಹಳೆಯ ಮಿಲ್ಲಿನ ಜಾಗವಿದ್ದರೆ ಅದಕ್ಕೆ ಶುದ್ಧೀಕರಣದ ಅನುದಾನ ಕೊಡುವ ಅಗತ್ಯವೇ ಇಲ್ಲ, ಮಣ್ಣು ಪರೀಕ್ಷೆ ಕಡ್ಡಾಯ ಮಾಡಿದರೆ ಸಾಕು. ಮಾರುಕಟ್ಟೆಯೇ ಖರ್ಚು ಹೊರುತ್ತದೆ. ಕೊಡಬೇಕಾದದ್ದು ಮಾರುಕಟ್ಟೆ ತಿರುಗಿಯೂ ನೋಡದ ಕಡೆ.

ಅಮೆರಿಕವನ್ನು ಇಲ್ಲಿಗೆ ಬಿಟ್ಟು, ಜರ್ಮನಿಯ ಒಂದು ಏರ್ಪಾಡನ್ನು ನೋಡಿ ಮುಂದೆ ಹೋಗೋಣ. ರೂರ್ ಕಣಿವೆಯಲ್ಲಿ ಸುಮಾರು ಎರಡು ಶತಮಾನ ಕಲ್ಲಿದ್ದಲು ತೆಗೆದು ನೆಲವೇ ಕುಸಿದಿದೆ. ಕೆಲವೆಡೆ ಇಪ್ಪತ್ತು ಮೀಟರಿಗೂ ಹೆಚ್ಚು. ಪಂಪು ನಿಲ್ಲಿಸಿದರೆ ಊರೂರುಗಳೇ ನೀರಿನಲ್ಲಿ ಮುಳುಗುತ್ತವೆ. ಗಣಿಯ ಉಪ್ಪುನೀರು ಏರಿ ಕುಡಿಯುವ ನೀರಿಗೆ ಬೆರೆಯುತ್ತದೆ. ಅಂದರೆ ಪಂಪು ಎಂದೆಂದಿಗೂ ಓಡಬೇಕು. ಇದನ್ನು ಜರ್ಮನರು ಅನಂತಕಾಲದ ಹೊರೆ ಎಂದೇ ಕರೆಯುತ್ತಾರೆ, ಲೆಕ್ಕವನ್ನೂ ಹಾಗೆಯೇ ಹಾಕಿದರು. 2018ಕ್ಕೆ ಗಣಿ ಮುಚ್ಚುವುದೆಂದು ತೀರ್ಮಾನವಾದ 2007ರಲ್ಲೇ ರಾಗ್ ಪ್ರತಿಷ್ಠಾನವನ್ನು ಸ್ಥಾಪಿಸಿ, ಕಲ್ಲಿದ್ದಲು ಕಂಪನಿಯ ಲಾಭದಾಯಕ ರಾಸಾಯನಿಕ ವಿಭಾಗವನ್ನು ಅದಕ್ಕೆ ಒಪ್ಪಿಸಿದರು. ಇವತ್ತು ಎವೋನಿಕ್ ಎಂದು ಕರೆಯುವ ಕಂಪನಿ ಅದು. ಷೇರು ಮಾರಿದ ಹಣ, ಡಿವಿಡೆಂಡು, ಬೇರೆ ಹೂಡಿಕೆಗಳ ಆದಾಯ, ಇವುಗಳಿಂದ ಇಡುಗಂಟು ಬೆಳೆಯಿತು. ಕೊನೆಯ ಗಣಿ ಬೊಟ್ರಾಪ್‌ನಲ್ಲಿ 2018ರ ಡಿಸೆಂಬರ್ 21ರಂದು ಮುಚ್ಚಿತು. ಮರುವರ್ಷದಿಂದ ಪಂಪಿನ ಖರ್ಚು, ವರ್ಷಕ್ಕೆ ಇಪ್ಪತ್ತು ಕೋಟಿ ಯೂರೋಗೂ ಮಿಕ್ಕಿದ್ದು, ಪ್ರತಿಷ್ಠಾನದ ಆದಾಯದಿಂದ ಬರುತ್ತಿದೆ.

ಹನ್ನೆರಡು ವರ್ಷ ಮುಂಚೆ ಶುರುಮಾಡಿದ್ದರಿಂದ ಇದು ಸಾಧ್ಯವಾಯಿತು. ಮೂಲಧನ ಮುಟ್ಟದೆ ಆದಾಯದಿಂದಷ್ಟೇ ಕೆಲಸ ನಡೆಸುವುದು ಈ ದತ್ತಿಯ ನಿಯಮವೂ ಹೌದು. ಆದ್ದರಿಂದ ಈ ಸಭೆಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅಪಾಯವೂ ಇದೆ. ಒಂದೇ ಕಂಪನಿಯ ಷೇರಿನ ಮೇಲೆ ಹೆಚ್ಚು ಭಾರ ಬಿದ್ದರೆ, ಆ ಷೇರು ಬಿದ್ದ ದಿನ ಪಂಪಿಗೂ ತೊಂದರೆ. ಹಳೆಯ ಕಲ್ಲಿದ್ದಲಿನ ಪಾಪವನ್ನು ಹೊಸ ರಾಸಾಯನಿಕದ ಲಾಭದಿಂದ ತೊಳೆಯುತ್ತಿದ್ದಾರೆ ಎಂಬ ಕೊಂಕೂ ಸುಳ್ಳಲ್ಲ. ಆದರೂ ನಾನು ನೋಡಿದ ಏರ್ಪಾಡುಗಳಲ್ಲಿ ಖರ್ಚಿನ ಆಯುಷ್ಯಕ್ಕೂ ಹಣದ ಆಯುಷ್ಯಕ್ಕೂ ಹೊಂದಾಣಿಕೆ ಇರುವುದು ಇದೊಂದರಲ್ಲೇ.

ಇನ್ನು ನಮ್ಮ ದೇಶಕ್ಕೆ ಬರೋಣ. ಯೂನಿಯನ್ ಕಾರ್ಬೈಡ್ ಹೆಸರನ್ನು ಆಗಲೇ ಹೇಳಿದ್ದೆ. ಅದರ ಕಾರ್ಖಾನೆಯಲ್ಲಿ 1984ರ ಡಿಸೆಂಬರಿನಲ್ಲಿ ನಡೆದ ಭೋಪಾಲ್ ದುರಂತ ಎಲ್ಲರಿಗೂ ಗೊತ್ತು. ಅಂದು ರಾತ್ರಿಯ ಅನಿಲದ ಕಥೆ ಬೇರೆ, ಅದಕ್ಕೆ ಮುಂಚಿನ ವರ್ಷಗಳಲ್ಲಿ ಕಾರ್ಖಾನೆಯ ಆವರಣದಲ್ಲೂ ಹೊರಗಿನ ಕೊಳಗಳಲ್ಲೂ ಸುರಿದ ತ್ಯಾಜ್ಯದ ಕಥೆ ಬೇರೆ. 1989ರಲ್ಲಿ 470 ದಶಲಕ್ಷ ಡಾಲರಿನ ರಾಜಿಯಾಯಿತು. ಅದು ಸತ್ತವರ, ನೊಂದವರ ಪರಿಹಾರಕ್ಕೆ. ನೆಲದ ಹೆಸರಿನಲ್ಲಿ ಬಿಡಿಕಾಸೂ ಬೇರೆ ತೆಗೆದಿಡಲಿಲ್ಲ. ಆಮೇಲೆ ನಡೆದದ್ದು ಕೈಬದಲಾವಣೆ: ಭಾರತದ ಕಂಪನಿಯ ಷೇರುಗಳು 1994ರಲ್ಲಿ ಬೇರೆಯವರಿಗೆ ಹೋದವು, ಜಾಗ 1998ರಲ್ಲಿ ರಾಜ್ಯ ಸರ್ಕಾರಕ್ಕೆ ಮರಳಿತು, ಅಮೆರಿಕದ ಮೂಲ ಕಂಪನಿಯನ್ನು 2001ರಲ್ಲಿ ಡೌ ಕೆಮಿಕಲ್ ಕೊಂಡಿತು. ಹೊಣೆ ಯಾರದೆಂಬ ವ್ಯಾಜ್ಯ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ನಡೆಯಿತು. ನಯಾಗರಾದ ಒಂದು ಡಾಲರಿನ ಕ್ರಯಪತ್ರಕ್ಕೆ ಇದು ಹತ್ತಿರದ ಸಂಬಂಧಿ. ಕೊನೆಗೆ ಶೇಖರಿಸಿಟ್ಟಿದ್ದ 337 ಟನ್ ತ್ಯಾಜ್ಯ 2025ರ ಜನವರಿಯ ಮೊದಲ ದಿನಗಳಲ್ಲಿ ಹನ್ನೆರಡು ಕಂಟೇನರ್ ಲಾರಿಗಳಲ್ಲಿ ಪೀಥಂಪುರಕ್ಕೆ ಹೋಯಿತು; ಜೂನ್ ಕೊನೆಯ ಹೊತ್ತಿಗೆ ಸುಟ್ಟು ಮುಗಿಯಿತು. ಇದಕ್ಕಾಗಿ ಮಂಜೂರಾದ 126 ಕೋಟಿ ರೂಪಾಯಿ ಭಾರತ ಸರ್ಕಾರದ ಹಣ. ಪೀಥಂಪುರದ ಜನ ತಮ್ಮೂರಿಗೆ ಯಾಕೆ ತಂದಿರೆಂದು ಬೀದಿಗಿಳಿದರು. ಭೋಪಾಲಿನ ಮಣ್ಣು, ಅಂತರ್ಜಲಗಳ ಕೆಲಸ ಇನ್ನೂ ಬಾಕಿ ಇದೆ.

ಮಾಲಿನ್ಯ ಮಾಡಿದವನೇ ತೆರಬೇಕು ಎಂಬ ತತ್ತ್ವ ನಮ್ಮಲ್ಲಿಲ್ಲವೆಂದಲ್ಲ. ಉದಯಪುರ ಜಿಲ್ಲೆಯ ಬಿಛಡಿ ಗ್ರಾಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲೇ ಅದನ್ನು ಎತ್ತಿಹಿಡಿಯಿತು. ಆ ಕಂಪನಿಗಳು ವ್ಯಾಜ್ಯದ ಮೇಲೆ ವ್ಯಾಜ್ಯ ಹೂಡಿ ಹಣ ಕಟ್ಟದೆ ಎಳೆದವು. 2011ರಲ್ಲಿ ನ್ಯಾಯಾಲಯ ಸುಮಾರು 37 ಕೋಟಿಯ ಮೂಲ ಮೊತ್ತಕ್ಕೆ ಚಕ್ರಬಡ್ಡಿ ಸೇರಿಸಿ ಕಟ್ಟುವಂತೆ ಆದೇಶಿಸಬೇಕಾಯಿತು. ನಿಧಿಯ ಪ್ರಯತ್ನವೂ ಆಗಿದೆ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿ ಶುದ್ಧ ಇಂಧನ ನಿಧಿ ಮಾಡಿದರು. ಸೆಸ್ 2016ರ ವೇಳೆಗೆ 400 ರೂಪಾಯಿಗೆ ಏರಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದು ರಾಜ್ಯಗಳ ನಷ್ಟ ತುಂಬಿಕೊಡುವ ಸೆಸ್ಸಿನೊಳಗೆ ಕರಗಿಹೋಯಿತು. ನಮ್ಮಲ್ಲಿ ಖಜಾನೆಗೆ ಹಸಿವಾದಾಗ ಮೊದಲು ಕೈ ಹೋಗುವುದು ಇಂಥ ಹುಂಡಿಗೇ.

2025ರ ಜುಲೈನಲ್ಲಿ ಕೇಂದ್ರವು ಕಲುಷಿತ ಜಾಗಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ಜಿಲ್ಲಾಡಳಿತ ಶಂಕಿತ ಜಾಗಗಳನ್ನು ಗುರುತಿಸಬೇಕು, ಪರೀಕ್ಷೆಯಾಗಬೇಕು, ಮಾಲಿನ್ಯ ಮಾಡಿದವರು ಖರ್ಚು ಕೊಡಬೇಕು, ಅವರು ಸಿಗದಿದ್ದರೆ ಅಥವಾ ಕೊಡಲಾಗದಿದ್ದರೆ ಕೇಂದ್ರ ಮತ್ತು ರಾಜ್ಯಗಳು ಹೊರಬೇಕು. ನಲವತ್ತೈದು ವರ್ಷ ತಡವಾದರೂ ಸ್ವಾಗತಿಸುತ್ತೇನೆ. ಆದರೆ ಇದರಲ್ಲಿ ಸೂಪರ್‌ಫಂಡಿನ ಮೊದಲ ತೊರೆ ಮಾತ್ರ ಇದೆ; ಉದ್ದಿಮೆಯಿಂದಲೇ ನಿರಂತರವಾಗಿ ತುಂಬುವ, ಇದಕ್ಕೆಂದೇ ಮೀಸಲಾದ ಎರಡನೆಯ ತೊರೆ ಕಾಣುವುದಿಲ್ಲ. ಗಣಿಗಾರಿಕೆಯಿಂದಾದ ಮಾಲಿನ್ಯವನ್ನು, ಅದಕ್ಕೆ ಬೇರೆ ಕಾನೂನಿದೆ ಎಂಬ ಕಾರಣ ಕೊಟ್ಟು, ಈ ನಿಯಮಗಳ ಹೊರಗಿಟ್ಟಿದ್ದಾರೆ. ಆ ಒಂದು ಸಾಲು ನನ್ನನ್ನು ಕೋಲಾರಕ್ಕೆ, ಇಂದಿನ ಕೊನೆಯ ವಿಷಯಕ್ಕೆ ತರುತ್ತದೆ.

ನಯಾಗರಾಕ್ಕೂ ಕೋಲಾರಕ್ಕೂ ಹಳೆಯ ನಂಟಿದೆ. ಮೈಸೂರು ಸಂಸ್ಥಾನದ ಎಂಜಿನಿಯರ್ ಜೋಲಿ ಡಿ ಲೊಟ್‌ಬಿನಿಯೇರ್ ನಯಾಗರಾದ ವಿದ್ಯುತ್ ಸ್ಥಾವರವನ್ನು ನೋಡಿಬಂದವರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ 1902ರಲ್ಲಿ ಶಿವನಸಮುದ್ರದ ಕರೆಂಟು 92 ಮೈಲಿ ಓಡಿ ಕೋಲಾರದ ಚಿನ್ನದ ಗಣಿ ತಲುಪಿತು. ಆ ಕರೆಂಟಿನ ಬಲದಿಂದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದ ಪುಡಿಯನ್ನು ಊರ ಪಕ್ಕದಲ್ಲೇ ಗುಡ್ಡೆ ಹಾಕುತ್ತ ಬಂದರು. ಜಾನ್ ಟೇಲರ್ ಕಂಪನಿ 1880ರಲ್ಲಿ ಶುರುಮಾಡಿದ್ದನ್ನು ಮೈಸೂರು ರಾಜ್ಯ 1956ರಲ್ಲಿ ರಾಷ್ಟ್ರೀಕರಣ ಮಾಡಿತು, ಆಮೇಲೆ ಕೇಂದ್ರ ವಹಿಸಿಕೊಂಡಿತು, 1972ರಿಂದ ಅದು ಭಾರತ್ ಗೋಲ್ಡ್ ಮೈನ್ಸ್. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಸೈನೈಡ್ ದಿಬ್ಬಗಳು ಮುಚ್ಚಲಿಲ್ಲ. ಹದಿಮೂರು ದಿಬ್ಬಗಳು, ಸಾವಿರ ಎಕರೆಗೂ ಮಿಕ್ಕಿದ ನೆಲ, ಸುಮಾರು 3.3 ಕೋಟಿ ಟನ್ ಪುಡಿ. ಸಿನಿಮಾದವರಿಗೆ ಅದು ಸೊಗಸಾದ ಲೊಕೇಶನ್ನು. ಸೈನೈಡ್ ಅಂಶ ಬಿಸಿಲು ಗಾಳಿಗೆ ಕ್ರಮೇಣ ಒಡೆಯುತ್ತದೆ. ಗಾಳಿಗಾಲದಲ್ಲಿ ಮನೆಯೊಳಗೆ ನುಗ್ಗುವ ನುಣ್ಣನೆ ಧೂಳು, ಮಳೆಯಲ್ಲಿ ಕೊಚ್ಚಿ ಕೆರೆ ಸೇರುವ ಲವಣ, ಲೋಹಾಂಶಗಳು ಉಳಿಯುತ್ತವೆ. ಊರಿನ ದುಡಿಯುವ ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಈ ಊರಿನ ನಗರಸಭೆ 3.3 ಕೋಟಿ ಟನ್ನಿಗೆ ಏನು ಮಾಡಲು ಸಾಧ್ಯ?

ಕಾನೂನಿನ ಲೆಕ್ಕದಲ್ಲಿ ಕೋಲಾರ ಎರಡು ಸಲ ಬಿರುಕಿನಲ್ಲಿ ಬಿದ್ದಿದೆ. ಗಣಿ ಮುಚ್ಚುವಾಗಿನ ಖರ್ಚಿಗೆ ಮೊದಲೇ ಭದ್ರತಾ ಠೇವಣಿ ಇಡಬೇಕೆಂಬ ನಿಯಮ 2003ರಲ್ಲಿ ಬಂತು, ಇಲ್ಲಿ ಗಣಿ ಮುಚ್ಚಿ ಎರಡು ವರ್ಷವಾದ ಮೇಲೆ. ಆ ನಿಯಮದಂತೆ ದೊಡ್ಡ ಗಣಿಗಳಿಗೆ ಹೆಕ್ಟೇರಿಗೆ ಕೇವಲ 25 ಸಾವಿರ ರೂಪಾಯಿ ಗೊತ್ತುಮಾಡಿದ್ದರು; ಅದನ್ನು ಆಮೇಲೆ ಲಕ್ಷಗಳಿಗೆ ಏರಿಸಿದರು. ಕಲುಷಿತ ಜಾಗಗಳ ನಿಯಮ 2025ರಲ್ಲಿ ಬಂದಾಗ ಗಣಿ ಹೊರಗೆ. ಇಲ್ಲಿ ಮಾಲೀಕನೇ ಸರ್ಕಾರ ಎಂಬುದನ್ನೂ ಮರೆಯಬಾರದು. ಖಾಸಗಿ ಕಂಪನಿಯಾಗಿದ್ದರೆ ಇಷ್ಟರಲ್ಲಿ ಯಾರಾದರೂ ನೋಟಿಸು ಕೊಡುತ್ತಿದ್ದರು.

ಹಣವಿದ್ದರೆ ಎಲ್ಲ ಸರಿಹೋಗುತ್ತಿತ್ತೇ ಎಂದು ಕೇಳುವವರಿಗೆ ಬಳ್ಳಾರಿಯನ್ನು ತೋರಿಸುತ್ತೇನೆ. ಸರ್ವೋಚ್ಚ ನ್ಯಾಯಾಲಯದ 2013ರ ತೀರ್ಪಿನ ನಂತರ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಮಾರಾಟದ ಒಂದು ಪಾಲು ಪುನಶ್ಚೇತನಕ್ಕೆಂದು ಬೇರೆಯಾಗಿ ಜಮೆಯಾಗುತ್ತ ಬಂತು. ಅಂದರೆ ಅದಿರು ಮಾರುತ್ತಿರುವಾಗಲೇ ಹಣ ತೆಗೆದಿಟ್ಟರು. ನಾನು ಕೇಳುತ್ತಿರುವುದೂ ಅದನ್ನೇ. ಆದರೆ ವರ್ಷಗಟ್ಟಲೆ ಅದು ಬ್ಯಾಂಕಿನಲ್ಲೇ ಕುಳಿತಿತ್ತು. 2022ರಲ್ಲಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ನ್ಯಾಯಾಲಯ ಒಪ್ಪಿ, ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲ್ವಿಚಾರಣೆಗೆ ನೇಮಿಸಿತು. ಯೋಜನೆಯಲ್ಲಿ ರಸ್ತೆ, ರೈಲು, ವಸತಿ, ಆಸ್ಪತ್ರೆ, ಕುಡಿಯುವ ನೀರು ಎಲ್ಲವೂ ಇವೆ. ಆ ಜಿಲ್ಲೆಗಳಿಗೆ ಅವು ಬೇಡವೆಂದು ಯಾರು ಹೇಳುತ್ತಾರೆ? ಆದರೆ ರಸ್ತೆಗೆ ಗುತ್ತಿಗೆದಾರರು ಸಾಲುಗಟ್ಟಿ ನಿಲ್ಲುತ್ತಾರೆ. ಕೆಂಪುಧೂಳು ಹೊದ್ದ ಹಳ್ಳವನ್ನು ಹೂಳೆತ್ತಿ, ಗುಡ್ಡದ ಇಳಿಜಾರಿಗೆ ಗಿಡ ಹಚ್ಚಿ ಹತ್ತು ವರ್ಷ ಕಾಯಲು ಯಾರೂ ಸಾಲುಗಟ್ಟುವುದಿಲ್ಲ.

ಕೋಲಾರಕ್ಕೆ ಈಗ ಒಂದು ಅವಕಾಶ ತಾನಾಗಿ ಬಂದಿದೆ. ಹಳೆಯ ಪುಡಿಯಲ್ಲಿ ಇನ್ನೂ ಸ್ವಲ್ಪ ಚಿನ್ನವಿದೆ. ಚಿನ್ನದ ಬೆಲೆ ಎಲ್ಲಿಗೆ ಹೋಗಿದೆ ಎಂಬುದು ಮದುವೆ ಮಾಡುವ ತಂದೆತಾಯಂದಿರಿಗೆ ಗೊತ್ತು. ಆ ಹದಿಮೂರು ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಚರ್ಚೆಯೆಲ್ಲ ಎಷ್ಟು ಕೆಜಿ ಸಿಕ್ಕೀತು, ರಾಜ್ಯಕ್ಕೆ ಬರಬೇಕಾದ ಹಳೆ ಬಾಕಿ ಎಷ್ಟು, ಕೆಲಸ ಎಷ್ಟು ಜನಕ್ಕೆ ಎಂಬುದರ ಸುತ್ತ ನಡೆದಿದೆ. ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ತೆಗೆದರೆ ಪುಡಿಯ ತೂಕದಲ್ಲಿ ಕಡಿಮೆಯಾಗುವುದೇನೂ ಇಲ್ಲ. 3.3 ಕೋಟಿ ಟನ್ ಮತ್ತೊಮ್ಮೆ ರಾಸಾಯನಿಕದಲ್ಲಿ ಮಿಂದು ಎಲ್ಲೋ ಒಂದು ಕಡೆ ಬಂದು ಕೂರಲೇಬೇಕು.

ಆದ್ದರಿಂದ ಈ ಕೆಲಸದ ಟೆಂಡರಿನ ಷರತ್ತುಗಳ ಬಗ್ಗೆ ನನ್ನ ಸಲಹೆ ಹೇಳಿ ಮುಗಿಸುತ್ತೇನೆ. ಮಾರಿದ ಪ್ರತಿ ಗ್ರಾಮಿನ ಬೆಲೆಯಲ್ಲಿ ಒಂದು ನಿಶ್ಚಿತ ಪಾಲು, ರಾಯಧನಕ್ಕೂ ಲಾಭಕ್ಕೂ ಮೊದಲೇ, ಬೇರೊಂದು ಟ್ರಸ್ಟಿಗೆ ಹೋಗಬೇಕು. ಆ ಪಾಲು ಎಷ್ಟೆಂಬುದನ್ನು, ಪುಡಿಗೆ ಮುಚ್ಚಿಗೆ ಹಾಕಿ ಅದನ್ನು ಐವತ್ತು ವರ್ಷ ಕಾಯುವ ವೆಚ್ಚವನ್ನು ಸ್ವತಂತ್ರ ಎಂಜಿನಿಯರುಗಳು ಅಂದಾಜು ಮಾಡಿದ ಮೇಲೆ, ಹರಾಜಿಗೆ ಮುಂಚೆಯೇ ಪ್ರಕಟಿಸಬೇಕು. ಟ್ರಸ್ಟು ಮೂಲಧನವನ್ನು ಮುಟ್ಟಬಾರದು, ಅದರಿಂದ ರಸ್ತೆ ಕಟ್ಟಬಾರದು, ಬಜೆಟ್ ಕೊರತೆಗೆಂದು ಸಾಲ ಕೊಡಬಾರದು. ಕಂಪನಿ ಕೈ ಬದಲಾದರೆ ಹೊಣೆಯೂ ಜೊತೆಗೇ ಹೋಗುತ್ತದೆಂದು ಕರಾರಿನಲ್ಲಿ ಬರೆಯಬೇಕು, ಮತ್ತು ಬ್ಯಾಂಕ್ ಗ್ಯಾರಂಟಿ ಮೊದಲ ಲಾರಿ ದಿಬ್ಬದಿಂದ ಹೊರಡುವ ಮುಂಚೆ ಜಮೆಯಾಗಬೇಕು. ಟ್ರಸ್ಟಿನ ಮಂಡಳಿಯಲ್ಲಿ ಬೆಂಗಳೂರು, ದೆಹಲಿಗಳ ಅಧಿಕಾರಿಗಳ ಜೊತೆಗೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಿಂದ ಬಂದವರೂ ಇರಬೇಕು. ಪ್ರತಿವರ್ಷದ ಲೆಕ್ಕವನ್ನು ಕನ್ನಡದಲ್ಲಿ, ತಮಿಳಿನಲ್ಲಿ ನಗರಸಭೆಯ ಬಾಗಿಲಿಗೆ ಅಂಟಿಸಬೇಕು. ಇಷ್ಟನ್ನು ಬರೆದುಕೊಳ್ಳಲು ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ, ಟೆಂಡರ್ ದಾಖಲೆಯಲ್ಲಿ ನಾಲ್ಕು ಪುಟ ಸಾಕು.